ಹತ್ತು ವರ್ಷದ ಲ್ಯಾಪ್‌ಟಾಪ್ ಆಮೆ ಆಗಿದೆ: ಸರಿ ಮಾಡಿಸಲಾ, ಹೊಸದು ತಗೊಳ್ಳಲಾ?

ಒತ್ತಕ್ಷರ_ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಇಂಥವು. ಮುಕ್ಕಾಲು ಪಾಲು ಕೆಲಸ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಪ್ರಿಂಟ್, ಸ್ಕ್ಯಾನ್. ಇದಕ್ಕೆಲ್ಲ ಇರುವುದು ಒಂದೇ ಲ್ಯಾಪ್‌ಟಾಪ್, 2015ರ ದೀಪಾವಳಿಗೆ ತಗೊಂಡದ್ದು. ಐ3-5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಈಗ ಅದರ ಗತಿ ಹೇಗಿದೆ ಎಂದರೆ, ಬೆಳಿಗ್ಗೆ ಶಟರ್ ಎತ್ತಿ ಸ್ವಿಚ್ ಒತ್ತುತ್ತೇನೆ, ದೇವರ ಫೋಟೋಗೆ ಊದುಬತ್ತಿ ಹಚ್ಚುತ್ತೇನೆ, ಕಸ ಗುಡಿಸುತ್ತೇನೆ, ಎದುರಿನ ಹೋಟೆಲಿನಿಂದ ಚಹಾ ಬಂದು ಕುಡಿದೂ ಆಗುತ್ತದೆ, ಆದರೂ ಪರದೆ ಮೇಲೆ ಆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಡೆಸ್ಕ್‌ಟಾಪ್ ಬಂದ ಮೇಲೂ ಐದು ನಿಮಿಷ ಮುಟ್ಟುವ ಹಾಗಿಲ್ಲ. ಟೈಪ್ ಮಾಡುವಾಗ ಇನ್ನೂ ಕಷ್ಟ. ನಾನು ಮುಂದಿನ ಪದ ಹೊಡೆದು ಮುಗಿಸಿರುತ್ತೇನೆ, ಹಿಂದಿನ ಪದದ ಒತ್ತಕ್ಷರ ಈಗ ಬರಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ.

ಬೇರೆ ರಗಳೆಗಳೂ ಇವೆ. ಬ್ಯಾಟರಿ ಸತ್ತಿದೆ, ಚಾರ್ಜ್ ಆಗುವುದೇ ಇಲ್ಲ, ಹಾಗಾಗಿ ಯಾವಾಗಲೂ ಪ್ಲಗ್‌ನಲ್ಲೇ ಇರುತ್ತದೆ. ಎರಡು ಮಳೆಗಾಲದ ಹಿಂದೆ ಸಿಡಿಲಿಗೆ ಚಾರ್ಜರ್ ಸುಟ್ಟುಹೋಗಿ ಬೇರೆ ಹಾಕಿದ್ದೇನೆ. ಶುರುವಿನಲ್ಲಿ ಇಂಗ್ಲಿಷಿನಲ್ಲಿ ಏನೋ ಒಂದು ಬರುತ್ತದೆ, ಎಫ್3 ಒತ್ತಿದರೆ ಮುಂದೆ ಹೋಗುತ್ತದೆ. ಬಲಗಡೆಯ ಕೀಲು ಸ್ವಲ್ಪ ಸಡಿಲ.

ಇಲ್ಲಿನ ಅಂಗಡಿಯವರ ಹತ್ತಿರ ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ಹದಿನೈದು ದಿನ ಪರವಾಗಿಲ್ಲ ಅನ್ನಿಸಿ ಮತ್ತೆ ಅದೇ ರಾಗ. ಈ ಸಲ ಕೇಳಿದರೆ, "ಮೇಡಂ, ಇದರ ಆಯುಷ್ಯ ಮುಗಿಯಿತು, 42 ಸಾವಿರಕ್ಕೆ ಹೊಸದು ಕೊಡುತ್ತೇನೆ" ಎಂದರು. ಮಗಳ ಕಾಲೇಜು ಫೀಸು ಎದುರಿಗಿದೆ, ಅಷ್ಟು ಆಗುವುದಿಲ್ಲ. ಐದಾರು ಸಾವಿರ ಹಾಕಬಹುದು. ಹಾಕಿದರೆ ಉಪಯೋಗ ಉಂಟಾ, ಇಲ್ಲ ಅದೂ ನೀರಿಗೆ ಹಾಕಿದ ಹಾಗೆಯಾ?

ಬಿಟ್ಟುಹೋದ_ಬಸ್ಸು

ಮೇಡಂ, ದುಡ್ಡು ಈಗಲೇ ತೆಗೆಯಬೇಡಿ. ಯಾವುದು ನಿಧಾನ ಅಂತ ಮೊದಲು ಗೊತ್ತಾಗಲಿ. ಲ್ಯಾಪ್‌ಟಾಪ್ ಸ್ಲೋ ಅನ್ನುವುದು ಮೈಗೆ ಹುಷಾರಿಲ್ಲ ಅಂದ ಹಾಗೆ, ಎಲ್ಲಿ ನೋವು ಅಂತ ಹೇಳದೆ ಮಾತ್ರೆ ಕೊಡಲು ಆಗುವುದಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋಗಿ, ನೀವು ಮಾಮೂಲಿ ಕೆಲಸ ಮಾಡುವಾಗ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಮೂರೂ ಶೇಕಡಾ ಎಷ್ಟು ತೋರಿಸುತ್ತವೆ ಬರೆದುಕೊಳ್ಳಿ. ಮೆಮೊರಿ ಮೇಲೆ ಕ್ಲಿಕ್ ಮಾಡಿದರೆ ಕೆಳಗೆ 'ಸ್ಲಾಟ್ಸ್ ಯೂಸ್ಡ್' ಅಂತ ಇರುತ್ತದೆ, ಅದನ್ನೂ ನೋಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಹಾಕಿ, ಹಾರ್ಡ್ ಡಿಸ್ಕಿನ ಆರೋಗ್ಯ ಯಾವ ಬಣ್ಣದಲ್ಲಿದೆ ಹೇಳಿ. ನೀಲಿಯಾ, ಹಳದಿಯಾ, ಕೆಂಪಾ?

ಒತ್ತಕ್ಷರ_ಶಿರಸಿ

ನೋಡಿದೆ ಸರ್. ಬ್ರೌಸರ್ ಮತ್ತು ನುಡಿ ಎರಡೇ ತೆರೆದಿದ್ದೆ.

ಡಿಸ್ಕ್ 100. ಅಲ್ಲಿಂದ ಕೆಳಗೆ ಇಳಿಯುವುದೇ ಇಲ್ಲ. ಆದರೆ ಓದುತ್ತಿರುವುದು ಸೆಕೆಂಡಿಗೆ ಬರೀ ಒಂದೂವರೆ ಎರಡು ಎಂಬಿ, ಅದಕ್ಕೆ ನೂರಕ್ಕೆ ನೂರು ಯಾಕೆ ಅಂತ ಅರ್ಥ ಆಗಲಿಲ್ಲ. ಮೆಮೊರಿ 88. ಸಿಪಿಯು ಮಾತ್ರ ಆರಾಮಾಗಿದೆ, 25ರಿಂದ 30, ಅದಕ್ಕಿಂತ ಮೇಲೆ ಹೋಗಲಿಲ್ಲ. ಸ್ಲಾಟ್ 2ರಲ್ಲಿ 1. ಆ ಡಿಸ್ಕ್ ಪ್ರೋಗ್ರಾಂನಲ್ಲಿ ಹಳದಿ ಬಣ್ಣ, 'ಕಾಷನ್' ಅಂತಿದೆ. ಕೆಳಗಿನ ಪಟ್ಟಿಯಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' ಅನ್ನುವ ಸಾಲಿನ ಮುಂದೂ ಹಳದಿ ಚುಕ್ಕೆ ಇದೆ. ಹೆದರಬೇಕಾ?

ಬಿಟ್ಟುಹೋದ_ಬಸ್ಸು

ಹೆದರಬೇಡಿ, ಆದರೆ ಇವತ್ತೇ ಕಾಪಿ ಮಾಡಿಕೊಳ್ಳಿ. ನಾಳೆ ಅಲ್ಲ, ಇವತ್ತು. ಪೆಂಡಿಂಗ್ ಸೆಕ್ಟರ್ ಅಂದರೆ ಡಿಸ್ಕಿನ ಕೆಲವು ಜಾಗಗಳನ್ನು ಓದಲು ಹೋದರೆ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ. ಅಂಥ ಜಾಗ ಸಿಕ್ಕಾಗ ಡಿಸ್ಕು ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತದೆ, ಅಷ್ಟು ಹೊತ್ತೂ ಕಂಪ್ಯೂಟರ್ ಗರ ಬಡಿದ ಹಾಗೆ ಕೂತಿರುತ್ತದೆ. ಇದು ವಾರವೂ ಬಾಳಬಹುದು, ವರ್ಷವೂ ಬಾಳಬಹುದು. ನಂಬುವ ಹಾಗಿಲ್ಲ.

ಮೊದಲು ಗಿರಾಕಿಗಳ ಫೈಲು, ನುಡಿಯ ಕಡತಗಳು, ಲೆಕ್ಕ. ಆಮೇಲೆ ಮನೆಯ ಫೋಟೋ. ಸಿನಿಮಾ ಗಿನಿಮಾ ಇದ್ದರೆ ಕೊನೆಗೆ. ಎಲ್ಲ ಹೊರಗೆ ಬರುವ ತನಕ ಡಿಫ್ರಾಗ್ ಮಾಡಬೇಡಿ, ಡಿಸ್ಕ್ ಚೆಕ್ ಓಡಿಸಬೇಡಿ, ಮತ್ತೆ ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಸುಸ್ತಾದವರನ್ನು ಓಡಿಸಿದ ಹಾಗಾಗುತ್ತದೆ.

ಇನ್ನು ನೂರಕ್ಕೆ ನೂರು ಯಾಕೆ ಅಂದಿರಿ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ, ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಅಕ್ಷರ ಎಲ್ಲಿದೆಯೋ ಅಲ್ಲಿಗೆ ಅದರ ಮುಳ್ಳು ಸರಿಯಬೇಕು, ಆ ಜಾಗ ಕೆಳಗೆ ಬರುವ ತನಕ ಕಾಯಬೇಕು. ಹಾಗಾಗಿ ದೊಡ್ಡ ಸಿನಿಮಾ ಫೈಲನ್ನು ಒಂದೇ ಸಮನೆ ಸೆಕೆಂಡಿಗೆ 100 ಎಂಬಿ ಓದಬಲ್ಲ ಡಿಸ್ಕು, ಅಲ್ಲೊಂದು ಇಲ್ಲೊಂದು ಚಿಕ್ಕ ಚೂರು ಕೇಳಿದರೆ ಸೆಕೆಂಡಿಗೆ ನೂರು ಚೂರು ಕೊಡಲೂ ಒದ್ದಾಡುತ್ತದೆ. ವಿಂಡೋಸ್ ಶುರುವಾಗುವಾಗ ಕೇಳುವುದೆಲ್ಲ ಇಂಥ ಚೂರುಗಳೇ. ನಿಮ್ಮಲ್ಲಿ ರ‍್ಯಾಮ್ ಬೇರೆ ಕಡಿಮೆ, ಅದು ತುಂಬಿದಾಗ ವಿಂಡೋಸ್ ಉಳಿದದ್ದನ್ನು ಇದೇ ಡಿಸ್ಕಿಗೆ ಸುರಿಯುತ್ತದೆ. ಗಾಯದ ಮೇಲೆ ಬರೆ.

ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ ಚಿಪ್ಪಿನ ಡಿಸ್ಕು) ತಿರುಗುವುದು ಏನೂ ಇಲ್ಲ, ಅದೇ ಚೂರುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಕೊಡುತ್ತದೆ. ನಿಮ್ಮದಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಬೇಕು. ಎಂ.2, ಎನ್‌ವಿಎಂಇ ಅಂತೆಲ್ಲ ಚೆನ್ನಾಗಿ ಕಾಣುತ್ತದೆ ಅಂತ ತರಬೇಡಿ, ಕೂರುವುದಿಲ್ಲ. 256 ಜಿಬಿ ಸಾಕು. ಹೆಸರು ಕೇಳಿರುವ ಕಂಪನಿಯದೇ ತಗೊಳ್ಳಿ. ಆನ್‌ಲೈನಿನಲ್ಲಿ ಒಂಬೈನೂರಕ್ಕೆ 2 ಟಿಬಿ ಅಂತ ಬರುತ್ತದಲ್ಲ, ಅದರ ಒಳಗೆ ಪೆನ್‌ಡ್ರೈವಿನ ಚಿಪ್ ಅಂಟಿಸಿರುತ್ತಾರೆ, ತುಂಬಿದ ಮೇಲೆ ಗೊತ್ತಾಗುತ್ತದೆ.

ಹಳೇ ಡಿಸ್ಕಿನಿಂದ ಹೊಸದಕ್ಕೆ ಕ್ಲೋನ್ ಮಾಡಿ, ಅಂದರೆ ಇದ್ದದ್ದನ್ನೆಲ್ಲ ಹಾಗೇ ನಕಲು ಮಾಡಿ ಅಂತ ಯಾರಾದರೂ ಹೇಳಬಹುದು. ನಾನೂ ಬೇರೆಯವರಿಗೆ ಅದನ್ನೇ ಹೇಳುತ್ತೇನೆ, ಆದರೆ ಹಳದಿ ಬಣ್ಣದ ಡಿಸ್ಕಿನಿಂದ ಬೇಡ. ಹತ್ತು ವರ್ಷದ ಕಸವೂ ಜೊತೆಗೇ ಬರುತ್ತದೆ, ಕೆಟ್ಟ ಜಾಗ ಬಂದಾಗ ಅರ್ಧಕ್ಕೇ ನಿಲ್ಲುತ್ತದೆ. 8 ಜಿಬಿ ಪೆನ್‌ಡ್ರೈವ್ ತಗೊಂಡು ಮೈಕ್ರೋಸಾಫ್ಟ್ ಸೈಟಿನಲ್ಲಿರುವ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಹೊಸದಾಗಿ ಹಾಕಿ. ನಿಮ್ಮದು ಅಸಲಿ ವಿಂಡೋಸ್ 10 ಆಗಿದ್ದರೆ ಅದರ ಲೈಸೆನ್ಸು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ನೆಟ್‌ಗೆ ಹೋದ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ.

ರಬ್ಬರ್_ಉಜ್ಜುವವ

ಹುಬ್ಬಳ್ಳಿಯಲ್ಲಿ ರಿಪೇರಿ ಕೆಲಸ ಮಾಡುತ್ತೇನೆ, ಹದಿನಾಲ್ಕು ವರ್ಷ ಆಯಿತು. ಮೇಲಿನವರು ಹೇಳಿದ್ದು ಸರಿ ಇದೆ. ನಾನು ರ‍್ಯಾಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಜನ ಎಡವುವುದು ಅಲ್ಲೇ.

ನಿಮ್ಮ ಪ್ರೊಸೆಸರಿಗೆ ಡಿಡಿಆರ್3ಎಲ್ ಬೇಕು. ಕೊನೆಯ ಆ 'ಎಲ್' ಮುಖ್ಯ. ಸಾದಾ ಡಿಡಿಆರ್3 1.5 ವೋಲ್ಟಿನದು, ಎಲ್ ಇರುವುದು 1.35 ವೋಲ್ಟಿನದು. ನೋಡಲು ಎರಡೂ ಒಂದೇ, ಸ್ಲಾಟಿಗೂ ಕೂರುತ್ತದೆ, ಆನ್ ಮಾಡಿದರೆ ಪರದೆ ಕಪ್ಪು. ಗಾಬರಿಯಾಗಿ ಮದರ್‌ಬೋರ್ಡ್ ಹೋಯಿತು ಅಂತ ತಗೊಂಡು ಬರುತ್ತಾರೆ. ಸ್ಟಿಕರ್ ಮೇಲೆ ಪಿಸಿ3ಎಲ್-12800 ಅಂತಿರಬೇಕು. ಇನ್ನೊಂದು ಸ್ಲಾಟ್ ಖಾಲಿ ಇದೆಯಲ್ಲ, ಅದಕ್ಕೆ 4 ಜಿಬಿಯದು ಒಂದು ಹಾಕಿದರೆ ಸಾಕು. ಹೊಸದು ಬೇಡ. ಇದರ ಕಾಲ ಮುಗಿದಿದೆ, ಮುಂದೆ ಬೇರೆ ಲ್ಯಾಪ್‌ಟಾಪ್ ತಗೊಂಡರೆ ಅದಕ್ಕೆ ಬರುವುದಿಲ್ಲ. ಬಿಚ್ಚಿದ ಮೆಷಿನ್ನಿನದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಪರೀಕ್ಷೆ ಮಾಡಿ ಕೊಡಿ ಅನ್ನಿ. ಬೆಂಗಳೂರಿನ ಎಸ್.ಪಿ. ರೋಡಿನ ಕಡೆ ಹೋಗುವ ಪರಿಚಯದವರಿದ್ದರೆ ಅವರಿಗೇ ಹೇಳಿ. ಎಸ್‌ಎಸ್‌ಡಿ ಹಾಗಲ್ಲ, ಈ ಲ್ಯಾಪ್‌ಟಾಪ್ ಸತ್ತರೂ ಅದನ್ನು ಬಿಚ್ಚಿ ಒಂದು ಕೇಸಿಗೆ ಹಾಕಿ ದೊಡ್ಡ ಪೆನ್‌ಡ್ರೈವಿನ ಹಾಗೆ ಬಳಸಬಹುದು. ಅದನ್ನು ಹೊಸದೇ ತಗೊಳ್ಳಿ.

ಇನ್ನು ನಮ್ಮ ಜನ ಮಾಡುವ ಚಮತ್ಕಾರಗಳು. ರನ್‌ನಲ್ಲಿ ಟೆಂಪ್ ಅಂತ ಹೊಡೆದು ಎಲ್ಲ ಅಳಿಸುವುದು: ಜಾಗ ಉಳಿಯುತ್ತದೆ, ವೇಗ ಬರುವುದಿಲ್ಲ. ಪ್ರಿಫೆಚ್ ಅಳಿಸುವುದು: ಅದು ವಿಂಡೋಸ್ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಂಡ ಚೀಟಿ, ಅಳಿಸಿದರೆ ಪಾಪ ಮತ್ತೆ ಬರೆಯುತ್ತದೆ, ಅಷ್ಟು ದಿನ ಇನ್ನೂ ನಿಧಾನ. ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ 4 ಮಾಡಿ ಅಂತ ವಿಡಿಯೋ ಮಾಡುತ್ತಾರಲ್ಲ, ಅದು ಕಡಿಮೆ ಮಾಡಲು ಇರುವ ಜಾಗ. ವಿಂಡೋಸ್ ಇರುವಷ್ಟನ್ನೂ ಮೊದಲೇ ಬಳಸುತ್ತಿರುತ್ತದೆ. ರ‍್ಯಾಮ್ ಬೂಸ್ಟರ್, ಪಿಸಿ ಕ್ಲೀನರ್ ಯಾವುದೂ ಬೇಡ. ರ‍್ಯಾಮ್ ಕಾಲಿಗೆ ಪೆನ್ಸಿಲ್ ರಬ್ಬರ್ ಉಜ್ಜುವುದು ಮಾತ್ರ ನಿಜವಾದ ವಿದ್ಯೆ, ಆದರೆ ಅದು ಪರದೆ ಬಾರದಿದ್ದಾಗ, ಸ್ಲೋ ಆಗಿದ್ದಕ್ಕಲ್ಲ. ನನ್ನ ಹೆಸರು ಹೇಗೆ ಬಂತು ಅಂತ ಗೊತ್ತಾಯಿತಲ್ವಾ.

ಆಂಟಿವೈರಸ್ ಎಷ್ಟಿವೆ ನೋಡಿ. ಮೊನ್ನೆ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮೂರಿದ್ದವು, ಎರಡರ ಅವಧಿ ಮುಗಿದಿತ್ತು, ಮೂರೂ ಸೇರಿ ಪ್ರತಿ ಫೈಲನ್ನೂ ಮೂರು ಸಲ ಮೂಸುತ್ತಿದ್ದವು. ವಿಂಡೋಸಿನದೇ ಡಿಫೆಂಡರ್ ಒಂದಿದ್ದರೆ ಸಾಕು.

ಬಿಚ್ಚಿದಾಗ ಫ್ಯಾನಿನ ಧೂಳೂ ತೆಗೆಯಿರಿ. ಫ್ಯಾನ್ ಮತ್ತು ತಾಮ್ರದ ಜಾಲರಿಯ ಮಧ್ಯೆ ಬೂದು ಬಣ್ಣದ ಕಂಬಳಿ ಥರ ಕೂತಿರುತ್ತದೆ, ಇಡಿಯಾಗಿ ಎದ್ದು ಬರುತ್ತದೆ. ಬ್ಲೋವರ್ ಹಿಡಿದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಸುಮ್ನೆ ಬಿಟ್ಟರೆ ಗಿರಗಿರ ತಿರುಗಿ ಬೇರಿಂಗ್ ಹೋಗುತ್ತದೆ. ಮಲೆನಾಡಿನ ಕಡೆಯವರು ಇನ್ನೊಂದು ನೋಡಬೇಕು, ಇರುವೆ. ಬೆಚ್ಚಗಿನ ಜಾಗ ಅಂತ ಮಳೆಗಾಲದಲ್ಲಿ ಒಳಗೆ ಸಂಸಾರ ಹೂಡುತ್ತವೆ. ಸಿದ್ದಾಪುರದಿಂದ ಬಂದ ಒಂದು ಲ್ಯಾಪ್‌ಟಾಪ್ ಬಿಚ್ಚಿದರೆ ಕೀಬೋರ್ಡ್ ಕೆಳಗೆ ಬಿಳಿ ಮೊಟ್ಟೆಗಳ ರಾಶಿ, ನನ್ನ ಕೈ ಮೇಲೆಲ್ಲ ಹತ್ತಿದವು.

ಕಂತು_ಕಟ್ಟಿದವನು

ಎಲ್ಲರೂ ಹಳೇದಕ್ಕೆ ಜೀವ ತುಂಬಿ ಅನ್ನುತ್ತಿದ್ದೀರಿ, ನಾನು ಉಲ್ಟಾ ಹೇಳುತ್ತೇನೆ. ಅದು ಅಂಗಡಿ, ಹೊಟ್ಟೆಪಾಡು. ಹತ್ತು ವರ್ಷದ ಮೆಷಿನ್, ಕೀಲು ಸಡಿಲ, ಬ್ಯಾಟರಿ ಇಲ್ಲ, ಡಿಸ್ಕ್ ಹೋಗುತ್ತಿದೆ. ಇವತ್ತು ಐದು ಸಾವಿರ ಹಾಕಿ ಆರು ತಿಂಗಳಿಗೆ ಮದರ್‌ಬೋರ್ಡ್ ಹೋದರೆ? ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ನಿಮ್ಮದು 5ನೆಯದು. ಜನರ ಆಧಾರ್, ಪಾಸ್‌ಬುಕ್ ಎಲ್ಲ ನಿಮ್ಮ ಮೆಷಿನ್ನಿನಲ್ಲಿ ಓಡಾಡುತ್ತವೆ, ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ 8ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ರಿಫರ್ಬಿಷ್ಡ್ ಅಂತ ಸಿಗುತ್ತವೆ, ಗಟ್ಟಿಯಾಗಿರುತ್ತವೆ, ಹೊಸದರ ಅರ್ಧಕ್ಕಿಂತ ಕಡಿಮೆ ದರ. ಸ್ವಲ್ಪ ಕೂಡಿಸಿ ಅದನ್ನು ತಗೊಳ್ಳಿ.

ಬಿಟ್ಟುಹೋದ_ಬಸ್ಸು

ಕಂತಿನವರೇ, ಅಪ್‌ಡೇಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಮನೆ ಬಳಕೆಯ ವಿಂಡೋಸ್ 10ಕ್ಕೆ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿದ್ದಾರೆ, 2026ರ ಅಕ್ಟೋಬರ್ 13ರವರೆಗೆ. 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ಸೇರಿಕೊಳ್ಳಿ ಅಂತ ಕೊಂಡಿ ಬರುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೇಳುವುದಿಲ್ಲ. ಅಷ್ಟರಲ್ಲಿ ಕೂಡಿಸಿಕೊಳ್ಳಲು ಸಮಯ ಸಿಗುತ್ತದಲ್ವಾ. ಅವರ ಹತ್ತಿರ ಇವತ್ತು ಇರುವುದು ಐದಾರು ಸಾವಿರ, ಅದರಲ್ಲಿ ಅರ್ಧ ಹೋಗುವುದು ಮುಂದೆಯೂ ಬಳಸಬಹುದಾದ ಎಸ್‌ಎಸ್‌ಡಿಗೆ.

ಕಂತು_ಕಟ್ಟಿದವನು

ಸರಿ, ಅಕ್ಟೋಬರ್ ತನಕ ಅಂದರೆ ಒಪ್ಪುತ್ತೇನೆ. ಆಮೇಲೂ ಅದರಲ್ಲೇ ಆಧಾರ್ ಅಪ್‌ಲೋಡ್ ಮಾಡುತ್ತಾ ಕೂತರೆ ಇಲ್ಲೇ ಬಂದು ಜಗಳ ಮಾಡುತ್ತೇನೆ.

ಪೆಂಗ್ವಿನ್_ಮೈಸೂರು

ವಿಂಡೋಸ್ ಬದಲು ಲಿನಕ್ಸ್ ಹಾಕಿ ಅಂತ ಯಾರೂ ಹೇಳಲೇ ಇಲ್ಲ, ಆಶ್ಚರ್ಯ. ಇದಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಉಚಿತ. ನಮ್ಮ ಮನೆಯಲ್ಲಿ ಇದಕ್ಕಿಂತ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೇನೆ, ಅಮ್ಮ ಅದರಲ್ಲೇ ಪೇಪರ್ ಓದುತ್ತಾರೆ.

ಆದರೆ ಅಕ್ಕ, ನಿಮ್ಮ ಕೆಲಸ ನೋಡಿದರೆ ಎರಡು ತೊಡಕಿದೆ, ಮುಚ್ಚಿಡುವುದಿಲ್ಲ. ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಲಿನಕ್ಸಿನಲ್ಲಿ ಕನ್ನಡ ಟೈಪಿಂಗ್ ಇಲ್ಲ ಅಂತಲ್ಲ, ನೀವು ಕೈಗೆ ರೂಢಿ ಮಾಡಿಕೊಂಡ ಕ-ಗ-ಪ ಕೀಲಿಮಣೆ ಅದರಲ್ಲೇ ಇದೆ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಅಂತ ಆರಿಸಿಕೊಂಡರೆ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಆದರೆ ಅದು ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ. ನಿಮ್ಮ ಹತ್ತು ವರ್ಷದ ಹಳೇ ಕಡತಗಳು ನುಡಿಯ ಹಳೇ ಪದ್ಧತಿಯ ಆಸ್ಕಿ ಫಾಂಟಿನಲ್ಲಿದ್ದರೆ ಅವನ್ನು ಒಂದೊಂದಾಗಿ ಪರಿವರ್ತಿಸಬೇಕು, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ನೋಡಬೇಕು. ಎರಡನೆಯದು, ಬೆರಳಚ್ಚಿನ ಡಿವೈಸ್, ಡಿಜಿಟಲ್ ಸಹಿಯ ಟೋಕನ್ ಇವೆಲ್ಲ ಬಳಸುತ್ತಿದ್ದರೆ ಅವುಗಳ ಡ್ರೈವರ್ ಲಿನಕ್ಸಿಗೆ ಸಿಗುತ್ತದೋ ಇಲ್ಲವೋ ಮೊದಲು ನೋಡಬೇಕು. ಅಂಗಡಿ ನಡೆಯುತ್ತಿರುವಾಗ ಈ ಪ್ರಯೋಗ ಬೇಡ. ಮಗಳಿಗೆ ಓದಲು ಅಂತ ಕೊಡುವ ದಿನ ಬಂದಾಗ ಹಾಕಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿನದನ್ನು ಮುಟ್ಟುವುದಿಲ್ಲ.

ಒತ್ತಕ್ಷರ_ಶಿರಸಿ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ತಮ್ಮನ ಹತ್ತಿರ 1 ಟಿಬಿಯ ಎಕ್ಸ್‌ಟರ್ನಲ್ ಇತ್ತು, ಅದಕ್ಕೆ ಕಾಪಿ ಮಾಡಿದೆವು. ರಾತ್ರಿಯಿಡೀ ಓಡಿತು. 2019ರ ಒಂದು ಫೋಲ್ಡರಿನಲ್ಲಿ ಹನ್ನೊಂದು ಫೈಲು ಎಷ್ಟು ಮಾಡಿದರೂ ಬರಲಿಲ್ಲ, ಅದೃಷ್ಟಕ್ಕೆ ಅವೆಲ್ಲ ಹಳೇ ಮದುವೆ ಕರೆಯೋಲೆಗಳು. ಆ ಮದುವೆಗಳು ಆಗಿಹೋಗಿವೆ, ತೊಂದರೆ ಇಲ್ಲ.

256 ಜಿಬಿ ಎಸ್‌ಎಸ್‌ಡಿ 2,400 ರೂಪಾಯಿ. ಪಿಸಿ3ಎಲ್ ರ‍್ಯಾಮ್ ಹುಬ್ಬಳ್ಳಿಯಿಂದ ತರಿಸಿದೆ, ಸೆಕೆಂಡ್ ಹ್ಯಾಂಡ್, 700. ಬಿಚ್ಚುವ ಕೆಲಸ ಭಾನುವಾರ ಮನೆಯಲ್ಲೇ ಮಾಡಿದೆವು. ಮಗಳು ಮಾಡೆಲ್ ಹೆಸರು ಹಾಕಿ ವಿಡಿಯೋ ನೋಡುತ್ತಾ ಹೇಳುವುದು, ನಾನು ತಿರುಗಿಸುವುದು. ಸ್ಕ್ರೂಗಳಲ್ಲಿ ಉದ್ದದವು, ಗಿಡ್ಡವು, ತಲೆ ಅಗಲದವು ಅಂತ ಮೂರು ನಮೂನೆ. ಕಲೆಸಿ ಹೋಗಬಾರದು ಅಂತ ಮಗಳು ಇಡ್ಲಿ ತಟ್ಟೆ ತಂದಿಟ್ಟಳು, ಒಂದೊಂದು ಜಾಗದ್ದು ಒಂದೊಂದು ಗುಳಿಗೆ. ಕೆಳಗೆ ಪೇಪರ್ ಹಾಸಿದ್ದೆ, ಇಲ್ಲದಿದ್ದರೆ ತಟ್ಟೆಯ ತೂತಿನಿಂದ ಸಣ್ಣದು ಜಾರಿಹೋಗುತ್ತಿತ್ತೋ ಏನೋ. ಡಿವಿಡಿ ಡ್ರೈವ್ ಎಳೆದ ಮೇಲೆ ಅದರ ಹಿಂದೆ ಮೂರು ಸ್ಕ್ರೂ ಅಡಗಿದ್ದವು, ಅವನ್ನು ತೆಗೆಯದೆ ಕವರ್ ಎಳೆಯುತ್ತಾ ಅರ್ಧ ಗಂಟೆ ಬೆವರಿಳಿಸಿದೆವು. ಒಳಗೆ ಇರುವೆ ಇರಲಿಲ್ಲ, ಆದರೆ ಕಂಬಳಿ ಇತ್ತು, ನೀವು ಹೇಳಿದ ಹಾಗೇ ಇಡಿಯಾಗಿ ಎದ್ದು ಬಂತು. ಹೊಸ ಎಸ್‌ಎಸ್‌ಡಿ ಹಳೇದಕ್ಕಿಂತ ತೆಳ್ಳಗೆ, ಅಲುಗಾಡುತ್ತದಾ ಅಂದುಕೊಂಡರೆ ಹಳೇದರ ತಗಡಿನ ಚೌಕಟ್ಟಿಗೇ ಸ್ಕ್ರೂ ಕೂತಿತು.

ವಿಂಡೋಸ್ ಹಾಕಿದೆವು, ತಾನೇ ಆಕ್ಟಿವೇಟ್ ಆಯಿತು. ಶುರುವಾಗಲು ಏಳು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ ಒಂದೂವರೆ ನಿಮಿಷ. ಡಿಸ್ಕ್ 100 ಹೋಗಿ ಎರಡು ಮೂರು ಅಂತ ತೋರಿಸುತ್ತದೆ. ಮೆಮೊರಿ 45.

ಇಷ್ಟೆಲ್ಲ ಆಗಿಯೂ ಟೈಪಿಂಗ್ ಹಾಗೇ ಇದೆ. ಸ್ವಲ್ಪ ಸುಧಾರಿಸಿದೆ, ಆದರೆ ಬ್ರೌಸರ್ ತೆರೆದಿದ್ದರೆ ಒತ್ತಕ್ಷರ ಇನ್ನೂ ತಡ. ಪಿಡಿಎಫ್ ತೆರೆದು ಪುಟ ಸರಿಸಿದರೆ ತುಂಡು ತುಂಡಾಗಿ ಬರುತ್ತದೆ. ಎಸ್‌ಎಸ್‌ಡಿ ಹಾಕಿದವರೆಲ್ಲ ರಾಕೆಟ್ ಆಯಿತು ಅನ್ನುತ್ತಾರೆ, ನಂದು ಎತ್ತಿನಗಾಡಿಯಿಂದ ಟೆಂಪೋ ಆಗಿದೆ ಅಷ್ಟೇ. ಸಿಪಿಯು ಈಗಲೂ 30ರಲ್ಲೇ ಇದೆ, ಹಾಗಾಗಿ ಅದರ ತಪ್ಪಲ್ಲ.

ರಾತ್ರಿಪಾಳಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಮೇಡಂ, ಅದರದ್ದೇ ತಪ್ಪು. ಅಥವಾ ಅದರ ಕತ್ತು ಯಾರೋ ಹಿಡಿದಿದ್ದಾರೆ.

ಮೊದಲ ಪೋಸ್ಟಿನಲ್ಲಿ ಮೂರು ವಿಷಯ ಬರೆದಿದ್ದೀರಿ, ಎಲ್ಲರೂ ಡಿಸ್ಕಿನ ಹಿಂದೆ ಹೋದೆವು. ಒಂದು, ಬೇರೆ ಚಾರ್ಜರ್. ಎರಡು, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಮೂರು, ಶುರುವಿನಲ್ಲಿ ಏನೋ ಬರುತ್ತದೆ, ಎಫ್3 ಒತ್ತುತ್ತೀರಿ. ಆ ಏನೋ ಬರುವುದರಲ್ಲಿ 'ಅಡಾಪ್ಟರ್' ಅನ್ನುವ ಶಬ್ದ ಇದೆಯಾ ನೋಡಿ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ, ಶೇಕಡಾ ಅಲ್ಲ, ಅದರ ಪಕ್ಕ 'ಸ್ಪೀಡ್' ಎಷ್ಟು ಗೀಗಾಹರ್ಟ್ಜ್ ಅಂತ ಇದೆ ಹೇಳಿ. ನಿಮ್ಮ ಪ್ರೊಸೆಸರಿಗೆ 2.0 ಇರಬೇಕು.

ಒತ್ತಕ್ಷರ_ಶಿರಸಿ

ಇದೆ ಸರ್! ಎಸಿ ಪವರ್ ಅಡಾಪ್ಟರ್ ಯಾವುದು ಅಂತ ಗೊತ್ತಾಗುತ್ತಿಲ್ಲ ಅನ್ನುವ ಅರ್ಥದಲ್ಲಿದೆ. ಎರಡು ವರ್ಷದಿಂದ ಓದದೆ ಎಫ್3 ಒತ್ತುತ್ತಿದ್ದೆ. ಸ್ಪೀಡ್ 0.6. ಒಂದು ಸಲವೂ ಮೇಲೆ ಏಳಲಿಲ್ಲ.

ರಾತ್ರಿಪಾಳಿ

ಸಿಕ್ಕಿತು ನೋಡಿ. ಕೆಲವು ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರಿನ ಪಿನ್ ಮಧ್ಯೆ ಸೂಜಿಯಷ್ಟು ಸಣ್ಣ ಇನ್ನೊಂದು ಪಿನ್ ಇರುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಲ್ಲ, 'ನಾನು ಇಂಥ ಕಂಪನಿಯ, ಇಷ್ಟು ವ್ಯಾಟಿನ ಚಾರ್ಜರ್' ಅಂತ ಲ್ಯಾಪ್‌ಟಾಪಿಗೆ ಹೇಳುವ ತಂತಿ. ನಕಲಿ ಚಾರ್ಜರಿನಲ್ಲಿ ಆ ಗುರುತಿನ ಚಿಪ್ ಇರುವುದಿಲ್ಲ, ಇಲ್ಲವೇ ಪಿನ್ ಮುರಿದಿರುತ್ತದೆ. ಯಾರು ನೀನು ಅಂತ ಕೇಳಿದರೆ ಉತ್ತರ ಇಲ್ಲ. ಆಗ ಲ್ಯಾಪ್‌ಟಾಪ್ ಹುಷಾರಾಗಿ ಎರಡು ಕೆಲಸ ಮಾಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವುದು ನಿಲ್ಲಿಸುತ್ತದೆ. ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತದೆ.

ಸಿಪಿಯು 30 ದಾಟದಿದ್ದದ್ದೂ ಇದಕ್ಕೇ. ವಿಂಡೋಸ್ ಆ ಶೇಕಡಾ ಲೆಕ್ಕವನ್ನು ಪೂರ್ತಿ ವೇಗಕ್ಕೆ ಹೋಲಿಸಿ ಹಾಕುತ್ತದೆ. 2.0 ಬರಬೇಕಾದ ಕಡೆ 0.6 ಓಡುತ್ತಿದ್ದರೆ ಅದು ಎಷ್ಟೇ ಏದುಸಿರು ಬಿಟ್ಟರೂ 30 ಅಂತಲೇ ಕಾಣುತ್ತದೆ. ನಿಮಗೆ ಆರಾಮಾಗಿದೆ ಅನ್ನಿಸಿತು, ಅದು ಪೂರಾ ದುಡಿಯುತ್ತಿತ್ತು.

ಬ್ಯಾಟರಿಯಲ್ಲಿ ಚಾರ್ಜ್ ಇದ್ದಿದ್ದರೆ ಚಾರ್ಜರ್ ಕಿತ್ತು ನೋಡಿ ಅನ್ನುತ್ತಿದ್ದೆ, ನಿಮ್ಮದು ಖಾಲಿ. ಅದೇ ಕಂಪನಿಯ ಲ್ಯಾಪ್‌ಟಾಪ್ ಇರುವವರ ಹತ್ತಿರ ಅಸಲಿ ಚಾರ್ಜರ್ ಹತ್ತು ನಿಮಿಷ ಕೇಳಿ ತನ್ನಿ. ಪಿನ್ನಿನ ಗಾತ್ರ ಅದೇ ಇರಬೇಕು, ವೋಲ್ಟ್ ಅದೇ ಇರಬೇಕು, ವ್ಯಾಟ್ ನಿಮ್ಮದರಷ್ಟು ಅಥವಾ ಜಾಸ್ತಿ ಇರಲಿ. ಅದರಲ್ಲೂ ಸಂದೇಶ ಬಂದರೆ ಲ್ಯಾಪ್‌ಟಾಪಿನ ಒಳಗಿನ ಚಾರ್ಜಿಂಗ್ ಜ್ಯಾಕ್ ಹೋಗಿದೆ ಅಂತ, ಕೆಲವು ಮಾಡೆಲ್‌ನಲ್ಲಿ ಅದು ಬೇರೆ ತುಂಡು, ಸುಲಭಕ್ಕೆ ಬದಲಾಗುತ್ತದೆ. ಬರದಿದ್ದರೆ ಚಾರ್ಜರ್ ಮಾತ್ರ ತಗೊಳ್ಳಿ.

ರಬ್ಬರ್_ಉಜ್ಜುವವ

ಥೂ, ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿಕೊಂಡು ನಾನು ಎಫ್3 ಅಂತ ಓದಿಯೂ ದಾಟಿ ಹೋದೆ. ಅಂಗಡಿಗೆ ತಂದಿದ್ದರೆ ಆನ್ ಮಾಡಿದ ಕೂಡಲೇ ಕಾಣುತ್ತಿತ್ತು ಅನ್ನುವ ಸಮಾಧಾನ ಇಟ್ಟುಕೊಳ್ಳುತ್ತೇನೆ.

ಒತ್ತಕ್ಷರ_ಶಿರಸಿ

ಬ್ಯಾಂಕಿನಲ್ಲಿ ಕೆಲಸ ಮಾಡುವ ಪರಿಚಯದವರ ಚಾರ್ಜರ್ ತಂದು ಹಾಕಿದೆ. ಸಂದೇಶ ಬರಲಿಲ್ಲ. ಎಫ್3 ಒತ್ತಲು ಬೆರಳು ತಾನಾಗಿ ಹೋಗಿತ್ತು, ಅಷ್ಟರಲ್ಲಿ ವಿಂಡೋಸ್ ಬಂದುಬಿಟ್ಟಿತು. ಸ್ಪೀಡ್ 1.9, 2.0 ಹೀಗೆ ಆಡುತ್ತಿದೆ. ಶುರುವಾಗಲು 22 ಸೆಕೆಂಡು, ಮಗಳು ಮೊಬೈಲಿನಲ್ಲಿ ಅಳೆದಳು. ಸತ್ತಿದೆ ಅಂದುಕೊಂಡಿದ್ದ ಬ್ಯಾಟರಿಯೂ ಚಾರ್ಜ್ ಆಗುತ್ತಿದೆ, ಮುಕ್ಕಾಲು ಗಂಟೆ ಬರುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವ ಲೆಕ್ಕಕ್ಕೆ ಅದು ದೊಡ್ಡದು.

ಅವರ ಚಾರ್ಜರ್ ವಾಪಸ್ ಕೊಟ್ಟು ಅಸಲಿಯದೇ ತರಿಸಿದೆ, 1,900. ಎಲ್ಲ ಸೇರಿ 5,000 ಆಯಿತು. ಚಾರ್ಜರ್ ಒಂದನ್ನೇ ಮೊದಲು ಬದಲಿಸಿದ್ದರೆ ಸಾಕಾಗುತ್ತಿತ್ತಾ ಅಂತ ಒಮ್ಮೆ ಅನ್ನಿಸಿತು, ಆದರೆ ಆ ಹನ್ನೊಂದು ಫೈಲು ನೆನಪಾದರೆ ಡಿಸ್ಕ್ ತೆಗೆದದ್ದೇ ಒಳ್ಳೆಯದಾಯಿತು.

ಕೊನೆಯ ಪ್ರಶ್ನೆ. ಆ ಹಳೇ ಹಾರ್ಡ್ ಡಿಸ್ಕ್ ಮೇಜಿನ ಖಾನೆಯಲ್ಲಿದೆ. ಗುಜರಿಯವನು ಬಂದಿದ್ದ, ಐವತ್ತು ರೂಪಾಯಿ ಕೊಡುತ್ತೇನೆ ಅಂದ. ಕೊಡಲಾ?

ಕಂತು_ಕಟ್ಟಿದವನು

ಬೇಡವೇ ಬೇಡ! ಹತ್ತು ವರ್ಷದ ಜನರ ಆಧಾರ್ ಅದರಲ್ಲಿದೆ. ಡಿಲೀಟ್ ಮಾಡಿದರೂ ಸುಲಭವಾಗಿ ಹೊರತೆಗೆಯುತ್ತಾರೆ. ಸುತ್ತಿಗೆಯಲ್ಲಿ ಹೊಡೆದು ಪುಡಿ ಮಾಡಿ.

ರಬ್ಬರ್_ಉಜ್ಜುವವ

ಹೊಡೆಯಿರಿ, ಆದರೆ ಹಾಗೇ ಹೊಡೆಯಬೇಡಿ. ಲ್ಯಾಪ್‌ಟಾಪ್ ಡಿಸ್ಕಿನ ಒಳಗಿನ ಕನ್ನಡಿಯಂಥ ತಟ್ಟೆ ಎಷ್ಟೋ ಸಲ ಗಾಜಿನದೇ ಇರುತ್ತದೆ, ಒಂದೇ ಏಟಿಗೆ ಸಕ್ಕರೆ ಥರ ಪುಡಿಯಾಗಿ ಹಾರುತ್ತದೆ. ಹಳೇ ಗೋಣಿಚೀಲದಲ್ಲಿ ಎರಡು ಸುತ್ತು ಸುತ್ತಿ, ಕನ್ನಡಕ ಹಾಕಿಕೊಂಡು, ಮಗಳನ್ನು ದೂರ ನಿಲ್ಲಿಸಿ ಹೊಡೆಯಿರಿ. ಅಲ್ಲಾಡಿಸಿದಾಗ ಒಳಗೆ ಮರಳಿನ ಸದ್ದು ಬಂದರೆ ಆಯಿತು ಅಂತ ಲೆಕ್ಕ. ಬಿಚ್ಚಿದಾಗ ಒಳಗೆ ಎರಡು ಗಟ್ಟಿ ಆಯಸ್ಕಾಂತ ಸಿಗುತ್ತವೆ, ಅವನ್ನು ಬಿಸಾಡಬೇಡಿ, ಫ್ರಿಜ್ಜಿನ ಮೇಲೆ ಗ್ಯಾಸ್ ಬುಕ್ ಸಿಕ್ಕಿಸಲು ಬರುತ್ತದೆ.